ಅಬ್ಬರ ಉಳಿಸಿ ಸಿಕ್ಕು ಬಿಡಿಸಿದ ಕ್ರಿಪ್ಟೋಸ್

1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ನಮ್ಮ ರಾಜ್ಯದ ಹಳೆಯ ಹೆವಿ ಮೆಟಲ್ ತಂಡಗಳಲ್ಲಿ ಒಂದು. 2016ರಲ್ಲಿ ಬಂದ ತನ್ನ ನಾಲ್ಕನೆಯ ಆಲ್ಬಂ 'ಬರ್ನ್ ಅಪ್ ದಿ ಸ್ಕೈ'ನಲ್ಲಿ ಈ ತಂಡ ತನ್ನ ಸೌಂಡನ್ನೇ ಬದಲಾಯಿಸಿತು. ಹೆಸರು ಮಾಡಿದವರು ಹೀಗೆ ಮಾಡುವುದು ಲಾಭವೋ, ನಷ್ಟವೋ?

ಮೊದಲು ಹೆವಿ ಮೆಟಲ್ ಎಂದರೇನು ನೋಡೋಣ. ಇದರಲ್ಲಿ ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಬೇಕೆಂದೇ ಒರಟು ಮಾಡುತ್ತಾರೆ. ಜೊತೆಗೆ ಬೇಸ್ ಗಿಟಾರ್ ಮತ್ತು ಡ್ರಮ್ಸ್ ಇರುತ್ತವೆ. ಹಾಡಿನ ಜೀವ 'ರಿಫ್'. ಕವ್ವಾಲಿಯಲ್ಲಿ ಹಿಮ್ಮೇಳದವರು ಚಪ್ಪಾಳೆ ತಟ್ಟುತ್ತ ಒಂದೇ ಸಾಲಿಗೆ ಮತ್ತೆ ಮತ್ತೆ ಬರುತ್ತಾರಲ್ಲ, ಹಾಗೆ ಗಿಟಾರ್ ಮರಳಿ ಬರುವ ಚಿಕ್ಕ ಸ್ವರಸಾಲೇ ರಿಫ್. ನಮ್ಮ ಮನೆಯಲ್ಲಿ ಇದನ್ನು 'ಶೋರ್' ಎನ್ನುತ್ತಾರೆ. ಆದರೆ ರಿಫ್ ಹಿಡಿದು ಕೇಳಿದರೆ ಗದ್ದಲದ ಒಳಗಿನ ಲೆಕ್ಕ ತಿಳಿಯುತ್ತದೆ.

2012ರ 'ದಿ ಕಾಯಿಲ್ಸ್ ಆಫ್ ಅಪಾಲಿಯನ್' ಆಲ್ಬಂನ ಹಾಡುಗಳಲ್ಲಿ ತಿರುವುಗಳು ಹೆಚ್ಚು. 2016ರಲ್ಲಿ ತಂಡ ಆ ಸಿಕ್ಕನ್ನು ಬಿಡಿಸಿ, 1980ರ ದಶಕದ ಹೆವಿ ಮೆಟಲ್‌ನಂತೆ ನೇರವಾದ, ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯುವ ಹಾಡುಗಳನ್ನು ಕಟ್ಟಿತು. ನೋಲನ್ ಲೂಯಿಸ್ ಅವರ ಗಡಸು ದನಿ ಮತ್ತು ಜೋಡಿ ಗಿಟಾರ್ ಮಾತ್ರ ಹಾಗೆಯೇ ಉಳಿದವು.

ಅಪಾಯ ಇಲ್ಲದಿರಲಿಲ್ಲ. ನಾವು ಅಕೌಂಟೆನ್ಸಿಯಲ್ಲಿ ಓದುವ ಗುಡ್‌ವಿಲ್ ಇಲ್ಲಿಯೂ ಇದೆ. ಹಳೆಯ ಗ್ರಾಹಕ ಮತ್ತೆ ಬರುತ್ತಾನೆ ಎಂಬ ನಂಬಿಕೆಗೂ ಬೆಲೆಯುಂಟು. ಸರಕು ಬದಲಾದರೆ ಅವನು ಬಾರದೆಯೂ ಇರಬಹುದು. ಅಮೆರಿಕದ ಮೆಟಾಲಿಕಾ 1991ರಲ್ಲಿ ಹಾಡುಗಳನ್ನು ಚಿಕ್ಕದಾಗಿಸಿ, ವೇಗ ತಗ್ಗಿಸಿದಾಗ ಹಳೆಯ ಅಭಿಮಾನಿಗಳಲ್ಲಿ ಹಲವರು ಸಿಟ್ಟಾದರು. ಆದರೂ ಆ ಆಲ್ಬಂ ಅಮೆರಿಕ ಒಂದರಲ್ಲೇ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇದೇ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತ್ತು.

ಕ್ರಿಪ್ಟೋಸ್‌ನ ಮಾರುಕಟ್ಟೆ ಅಷ್ಟು ದೊಡ್ಡದಲ್ಲ. ಆದರೂ 'ಬರ್ನ್ ಅಪ್ ದಿ ಸ್ಕೈ' ಆಲ್ಬಂ ಅನ್ನು ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಕಂಪನಿ ಹೊರತಂದಿತು. ತಂಡ ಹಿಡಿದ ಹೊಸ ದಾರಿಯನ್ನು ಬಿಡಲಿಲ್ಲ. 2019, 2021 ಮತ್ತು 2024ರಲ್ಲಿ ಮತ್ತೆ ಮೂರು ಆಲ್ಬಂ ಬಂದವು.

ಹೊಸತು ಎಂದರೆ ಹೊಸದಾಗಿ ಏನನ್ನಾದರೂ ಸೇರಿಸಲೇಬೇಕೆಂದು ನಾವು ತಿಳಿಯುತ್ತೇವೆ. ಕ್ರಿಪ್ಟೋಸ್ ಕಳೆದು ಹೊಸತಾಯಿತು. ನಮ್ಮ ಬಿದ್ರಿ ಕುಶಲಕರ್ಮಿಗಳೂ ಹುಕ್ಕಾದಿಂದ ಹೂದಾನಿಗೆ, ಪೆನ್ ಸ್ಟ್ಯಾಂಡಿಗೆ ಬಂದರು. ಆದರೆ ಸತು-ತಾಮ್ರದ ಎರಕ, ಕೋಟೆಯ ಮಣ್ಣು ತರುವ ಕಪ್ಪು, ಬೆಳ್ಳಿಯ ಕುಸುರಿ ಬಿಡಲಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಗೊತ್ತಿದ್ದರೆ ಬದಲಾವಣೆ ನಷ್ಟವಲ್ಲ.

ಗೆಳೆಯರೇ, 2012 ಮತ್ತು 2016ರ ಆಲ್ಬಂಗಳಿಂದ ಒಂದೊಂದು ಹಾಡು ಕೇಳಿ ನೋಡಿ. ರಿಫ್ ಎಣಿಸಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ.