ಸೈರನ್ ನಿಂತ ಊರಿನಲ್ಲಿ ನೆನಪಿನ ಲೆಕ್ಕ

ಬೆಂಗಳೂರು–ಚೆನ್ನೈ ರೈಲು ಮಾರ್ಗದಲ್ಲಿ ಬಂಗಾರಪೇಟೆ ಒಂದು ಜಂಕ್ಷನ್. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನಲ್ಲಿ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರು. ಇಲ್ಲಿಂದ ಕವಲೊಡೆದು ಮಾರಿಕುಪ್ಪಂವರೆಗೆ ಹೋಗುವ ಪುಟ್ಟ ಮಾರ್ಗ ೧೮೯೪ರಲ್ಲಿ ತೆರೆದದ್ದು ಕೋಲಾರ ಚಿನ್ನದ ಗಣಿಗಳಿಗಾಗಿ. ಆಗ ಜನ ಕೆಲಸ ಅರಸಿ ಗಣಿಯ ಕಡೆಗೆ ಬರುತ್ತಿದ್ದರು. ಇಂದು ಬೆಳಗಿನ ರೈಲುಗಳು ತುಂಬಿ ಹೋಗುವುದು ಎದುರು ದಿಕ್ಕಿಗೆ. ಕೆ.ಜಿ.ಎಫ್.ನ ಸಾವಿರಾರು ಮಂದಿ ಅನ್ನಕ್ಕಾಗಿ ನಿತ್ಯ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ.

೨೦೦೧ರ ಫೆಬ್ರುವರಿ ೨೮ರಂದು ಗಣಿಗಳು ಮುಚ್ಚಿದವು. ಆ ವರ್ಷ ಹುಟ್ಟಿದ ಮಕ್ಕಳು ಈಗ ಕಾಲೇಜು ಮುಗಿಸಿದ್ದಾರೆ. ಪಾಳಿ ಬದಲಾವಣೆ ಸಾರುವ ಸೈರನ್ನಿನ ಸದ್ದನ್ನು ಅವರು ಕೇಳಿಲ್ಲ. ಅವರಿಗೆ ಗೊತ್ತಿರುವುದು ಎರಡು ಚಿತ್ರಗಳು. ಒಂದು, ೨೦೧೮ರಲ್ಲಿ ಬಂದ ಸಿನಿಮಾದ ಕೆ.ಜಿ.ಎಫ್. ಇನ್ನೊಂದು, ಮನೆಯಲ್ಲಿ ತಾತ ಹೇಳುವ ಕೆ.ಜಿ.ಎಫ್. ಸಿನಿಮಾದ ಗಣಿ ಕೋಟೆ ಕಟ್ಟಿದ ನರಕ; ಅದು ಕಥೆಗಾರರ ಕಲ್ಪನೆ. ತಾತನ ಮಾತು ಮಾತ್ರ ಯಾವಾಗಲೂ ಒಂದೇ: ‘ಆ ಕಾಲವೇ ಚೆನ್ನಾಗಿತ್ತು.’

ಹಾಗಾದರೆ ಆ ಕಾಲ ನಿಜವಾಗಿ ಹೇಗಿತ್ತು?

ಬೆಳಕು ಬಂದದ್ದು ಯಾರಿಗೆ?

ಕೆ.ಜಿ.ಎಫ್. ಬಗ್ಗೆ ಮೊದಲು ಕೇಳಿಬರುವ ಹೆಮ್ಮೆಯ ಮಾತು ವಿದ್ಯುತ್ತಿನದು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದಾಗಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, ೧೯೦೫ರಲ್ಲಿ. ಈ ಸಂಗತಿ ನಿಜ. ಆದರೆ ಆ ವಿದ್ಯುತ್ತನ್ನು ತಂದದ್ದು ಗಣಿಯ ಯಂತ್ರಗಳಿಗಾಗಿ ಎಂಬುದೂ ಅಷ್ಟೇ ನಿಜ. ಅದೇ ಕಾಲದಲ್ಲಿ ಕಾರ್ಮಿಕರು ಬಾಳುತ್ತಿದ್ದುದು ಬಿದಿರಿನ ತಟ್ಟಿಯ ಗುಡಿಸಲುಗಳಲ್ಲಿ.

೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಇಲ್ಲಿ ಎರಡು ಊರುಗಳು ಬೆಳೆದವು. ಒಂದರಲ್ಲಿ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಹೂದೋಟ. ‘ಲಿಟ್ಲ್ ಇಂಗ್ಲೆಂಡ್’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಇನ್ನೊಂದರಲ್ಲಿ ಸಾಲುಸಾಲು ಲೈನ್‌ಮನೆಗಳು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದವರೇ ಅಲ್ಲಿ ಹೆಚ್ಚು. ಅವರಲ್ಲಿ ಬಹುಪಾಲು ದಲಿತರು. ಹಳ್ಳಿಯ ಜಾತಿ ಕಟ್ಟುಪಾಡು, ಜೀತ, ಬರ ಇವುಗಳಿಂದ ತಪ್ಪಿಸಿಕೊಂಡು ಬಂದವರಿಗೆ ಕೈಗೆ ಕಾಸು ಸಿಗುವ ಕೆಲಸವೇ ಒಂದು ಬಿಡುಗಡೆ. ಅಯೋತಿ ದಾಸ ಪಂಡಿತರು ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಇತ್ತು. ಗುಡಿಸಲಿನಲ್ಲಿದ್ದರೂ ತಲೆಯೆತ್ತಿ ನಿಲ್ಲುವ ಆಸೆ ಇಲ್ಲಿನ ಜನರಿಗೆ ಆಗಲೇ ಹುಟ್ಟಿತ್ತು.

ನೆಲದ ಕೆಳಗಿನ ದಿನಚರಿ

ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಅದೂ ಒಂದು. ತೀರ ಕೆಳಗಿನ ಬಂಡೆಯ ಶಾಖ ೬೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತು. ಅಲ್ಲಿ ಉಸಿರಾಡಿ ದುಡಿಯಬೇಕಾದರೆ ಮೇಲಿನಿಂದ ತಂಪು ಗಾಳಿ ಕಳಿಸಬೇಕಿತ್ತು. ಕೇಜಿನಲ್ಲಿ ಇಳಿದವರು ಪಾಳಿ ಮುಗಿಸಿ ಮೇಲೆ ಬರುವವರೆಗೆ ಮನೆಯವರ ಕಿವಿ ನೆಲದ ಮೇಲೇ ಇರುತ್ತಿತ್ತು. ಬಂಡೆಯೊಳಗಿನ ಒತ್ತಡ ತಾಳಲಾರದೆ ಕಲ್ಲು ಹಠಾತ್ತನೆ ಸಿಡಿಯುವುದುಂಟು. ದೊಡ್ಡ ಸಿಡಿತವಾದರೆ ಮೇಲಿನ ಮನೆಗಳೂ ನಡುಗುತ್ತಿದ್ದವು.

ಸಿಡಿತಕ್ಕಿಂತ ಸದ್ದಿಲ್ಲದ ಶತ್ರು ದೂಳು. ಚಿನ್ನವಿದ್ದುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಸೇರಿ ಅಲ್ಲಿ ಗಾಯದ ಕಲೆಗಳಂತೆ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ದೂಳು ನುಂಗಿದ ಎಷ್ಟೋ ವರ್ಷಗಳ ನಂತರ ಕೆಮ್ಮು, ಏದುಸಿರು ಕಾಣಿಸಿಕೊಳ್ಳುವುದರಿಂದ ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುವುದೂ ಉಂಟು.

ದುಡಿಮೆಯ ಜತೆಗೆ ಅನುಮಾನವೂ ಇತ್ತು. ಚಿನ್ನ ಕದಿಯುತ್ತಾರೆಂಬ ಭಯದಿಂದ ಕಂಪನಿ ಕಾರ್ಮಿಕರ ಮೇಲೆ ಸದಾ ಕಣ್ಣಿಟ್ಟಿರುತ್ತಿತ್ತು. ೧೯೩೦ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಆ ಮುಷ್ಕರದ ಹಿಂದೆ ಇದ್ದುದು ಕೂಲಿಯ ಲೆಕ್ಕವೊಂದೇ ಅಲ್ಲ, ಮರ್ಯಾದೆಯ ಪ್ರಶ್ನೆ.

ಎರಡು ಪುಸ್ತಕ, ಎರಡು ನೆನಪು

ಈ ಊರಿನಲ್ಲಿ ಹುಟ್ಟಿ ಬೆಳೆದ ಆಂಗ್ಲೋ-ಇಂಡಿಯನ್ ಲೇಖಕಿ ಬ್ರಿಜೆಟ್ ವೈಟ್-ಕುಮಾರ್ ತಮ್ಮ ಬಾಲ್ಯದ ಕೆ.ಜಿ.ಎಫ್. ಕುರಿತು ನೆನಪಿನ ಪುಸ್ತಕ ಬರೆದಿದ್ದಾರೆ. ಇತಿಹಾಸಕಾರ್ತಿ ಜಾನಕಿ ನಾಯರ್ ೧೯೯೮ರಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಗ್ರಂಥ ಇದೇ ಊರನ್ನು ಕಾರ್ಮಿಕರ ಬದುಕಿನ ಕಡೆಯಿಂದ ನೋಡುತ್ತದೆ. ಇವುಗಳಲ್ಲಿ ಒಂದು ಸುಳ್ಳು, ಒಂದು ನಿಜ ಎನ್ನುವಂತಿಲ್ಲ. ಯಾರು ಎಲ್ಲಿ ನಿಂತು ನೋಡಿದರು ಎಂಬುದರ ಮೇಲೆ ನೆನಪಿನ ಬಣ್ಣ ಬದಲಾಗುತ್ತದೆ.

ಆದರೂ ಒಂದು ಒಗಟು ಉಳಿಯುತ್ತದೆ. ಬಂಗಲೆಯಲ್ಲಿ ಬೆಳೆದವರು ಆ ಕಾಲವನ್ನು ಹೊಗಳಿದರೆ ಸಹಜ. ಒಂದೇ ಕೋಣೆಯ ಮನೆಯಲ್ಲಿ ಬಾಳಿ, ಮೂರು ಪಾಳಿಯಲ್ಲಿ ಬೆಂದವರೂ ಏಕೆ ಹೊಗಳುತ್ತಾರೆ?

ಉತ್ತರ ಅಂದಿನ ಗಣಿಯಲ್ಲಿಲ್ಲ, ನಂತರ ನಡೆದುದರಲ್ಲಿದೆ. ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರಕ್ಕೆ, ೧೯೬೨ರಲ್ಲಿ ಕೇಂದ್ರಕ್ಕೆ ಸೇರಿ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆದವು. ಗಣಿ ಕೊಡುತ್ತಿದ್ದುದು ಸಂಬಳ ಮಾತ್ರವಲ್ಲ. ಮನೆ, ನೀರು, ಆಸ್ಪತ್ರೆ ಎಲ್ಲವೂ ಅದರ ಜತೆಗೇ ಇದ್ದವು. ೨೦೦೧ರಲ್ಲಿ ಈ ಆಸರೆ ಒಟ್ಟಿಗೇ ಕುಸಿಯಿತು. ಮಗ ನಸುಕಿನಲ್ಲಿ ರೈಲು ಹಿಡಿದು, ನಾಳೆ ಇದೆಯೋ ಇಲ್ಲವೋ ಎಂಬ ಗುತ್ತಿಗೆ ಕೆಲಸಕ್ಕೆ ಹೋಗುವುದನ್ನು ನೋಡುವ ತಂದೆಗೆ ತನ್ನ ಕಾಲ ಚಿನ್ನದಂತೆ ಕಂಡರೆ ಆಶ್ಚರ್ಯವಿಲ್ಲ. ‘ಆಗ ಚೆನ್ನಾಗಿತ್ತು’ ಎಂಬ ಮಾತಿನ ನಿಜವಾದ ಅರ್ಥ ‘ಆಗ ಭರವಸೆ ಇತ್ತು’ ಎಂದು. ಅದನ್ನು ಸುಖದ ವರದಿ ಎಂದುಕೊಂಡರೆ ಮಕ್ಕಳು ತಪ್ಪು ಓದಿದಂತೆ. ಮುದುಕರ ಹಳಹಳಿಕೆ ಎಂದು ತಳ್ಳಿಹಾಕಿದರೂ ತಪ್ಪೇ.

ಮನೆಮಾತಿಗೆ ಬಾರದ ಸಂಗತಿಗಳು

ಹೆಮ್ಮೆಪಡಬೇಕಾದ ಕೆಲವು ಸಂಗತಿಗಳು ನೆನಪಿನಿಂದಲೇ ಜಾರಿವೆ. ೧೯೬೫ರಲ್ಲಿ ಇದೇ ಗಣಿಯ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ತಜ್ಞರ ಜತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣದ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಇಂಥದೇ ಫಲ ಸಿಕ್ಕಿತು. ಉಳಿದ ಕಣಗಳನ್ನು ದಪ್ಪ ಬಂಡೆ ತಡೆದುಬಿಡುವುದರಿಂದ ಈ ಪ್ರಯೋಗಕ್ಕೆ ಆಳವೇ ಬೇಕಿತ್ತು. ಆ ಆಳವನ್ನು ತೋಡಿದ್ದು ಲೈನ್‌ಮನೆಯವರ ಕೈಗಳು.

ಸಯನೈಡ್ ದಿಬ್ಬಗಳದು ಇನ್ನೊಂದು ಬಗೆ. ಅದಿರನ್ನು ಪುಡಿಮಾಡಿ ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ಗುಡ್ಡಗಳು. ಹಿರಿಯರಿಗೆ ಅವು ಬಾಲ್ಯದ ಗುರುತು, ಸಿನಿಮಾದವರಿಗೆ ಚಿತ್ರೀಕರಣದ ಹಿನ್ನೆಲೆ. ಗಾಳಿಯ ಕಾಲದಲ್ಲಿ ಅದೇ ಪುಡಿ ಊರಿನ ಮನೆಯೊಳಗೆ ಬಂದು ಕೂರುತ್ತದೆ.

ಕೇಳಬೇಕಾದ ಪ್ರಶ್ನೆಗಳು

ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ‘ಆ ಕಾಲ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರವಷ್ಟೇ ಸಿಗುತ್ತದೆ. ಸಣ್ಣ ಪ್ರಶ್ನೆ ಕೇಳಬೇಕು. ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಿದ್ದಿರಿ? ನೀರು ಯಾರು ತರುತ್ತಿದ್ದರು? ಸಂಬಳದ ದಿನ ಏನು ಅಡುಗೆ? ರಾತ್ರಿ ಪಾಳಿ ಮುಗಿಸಿದ ತಾತ ಹಗಲು ನಿದ್ದೆ ಮಾಡುವಾಗ ಮಕ್ಕಳನ್ನು ಅಜ್ಜಿ ಎಲ್ಲಿಗೆ ಕಳಿಸುತ್ತಿದ್ದರು? ನೆಲ ನಡುಗಿದಾಗ ಮೊದಲು ಯಾರ ನೆನಪಾಗುತ್ತಿತ್ತು? ಹೇಳಿದ್ದನ್ನು ಅವರ ಮಾತಿನಲ್ಲೇ, ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಬರೆದಿಡಬೇಕು. ಟ್ರಂಕಿನ ತಳದಲ್ಲಿರುವ ಸಂಬಳದ ಚೀಟಿ, ಗುರುತಿನ ಚೀಟಿ, ಫೋಟೊಗಳನ್ನು ಹಳೆಯ ಕಾಗದದವರಿಗೆ ಹಾಕಬಾರದು.

ಹೆತ್ತವರ ಪಾಲಿಗೂ ಒಂದು ಕೆಲಸವಿದೆ. ಕಷ್ಟದ ಕಥೆ ಕೇಳಿದರೆ ಮಕ್ಕಳು ನೊಂದಾರು ಎಂದು ಅದನ್ನು ಮುಚ್ಚಿಡುವುದು ಬೇಡ. ತಾತನ ಕೆಮ್ಮಿಗೆ ಕಾರಣ ಏನೆಂದು ತಿಳಿದ ಮಗು ತಾತನ ಹೆಮ್ಮೆಯನ್ನೂ ಸರಿಯಾಗಿ ತಿಳಿಯುತ್ತದೆ.

ಸುಮಾರು ೧೨೦ ವರ್ಷಗಳಲ್ಲಿ ಈ ನೆಲದಿಂದ ಅಂದಾಜು ೮೦೦ ಟನ್ ಚಿನ್ನ ಹೊರಬಂತು. ಅದನ್ನು ತೂಗಿ ಬರೆದಿಟ್ಟವರಿದ್ದರು. ಅದನ್ನು ತೆಗೆದವರ ದಿನಗಳನ್ನು ಬರೆದಿಡುವ ಕೆಲಸ ಮೊಮ್ಮಕ್ಕಳಿಗೆ ಉಳಿದಿದೆ. ಹೇಳಬಲ್ಲವರು ಇನ್ನೂ ಇರುವಾಗಲೇ ಅದು ಆಗಬೇಕು.