ಖಾನೇಷುಮಾರಿ ಸಂಪುಟಗಳೂ ನಮ್ಮ ಪ್ರಶ್ನಾವಳಿಯೂ

ಸಂಶೋಧನ ಪದ್ಧತಿಯನ್ನು ಓದುವ ನಾವೆಲ್ಲರೂ ಒಂದು ಹಳ್ಳಿಯ ಸಮೀಕ್ಷೆಯನ್ನು ಮಾಡಬೇಕಾಗುತ್ತದೆ. ಕಳೆದ ವರ್ಷ ನಾನೂ ಇಪ್ಪತ್ತು ಪ್ರಶ್ನೆಗಳನ್ನು ಬರೆದುಕೊಂಡು ಹೊರಟೆನು. ಒಂದು ಮನೆಯ ಜಗಲಿಯ ಮೇಲೆ ಕುಳಿತು, "ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?" ಎಂದು ಯಜಮಾನರನ್ನು ಕೇಳಿದೆ. "ಅವ್ಳೇನ್ ಕೆಲ್ಸ ಮಾಡ್ತಾಳೆ ಬುಡಪ್ಪ, ಮನೇಲಿರ್ತಾಳೆ" ಎಂದರು. ‘ಕೆಲಸವಿಲ್ಲ’ ಎಂದು ಬರೆದುಕೊಳ್ಳುತ್ತಿರುವಾಗಲೇ ಆ ತಾಯಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೊಲದಿಂದ ಬಂದರು. ಬರೆದುದನ್ನು ಹೊಡೆದುಹಾಕಬೇಕೋ ಉಳಿಸಬೇಕೋ ತಿಳಿಯದಾಯಿತು.

ಈ ಸಂಕಟವನ್ನು ಹೇಳಿಕೊಂಡಾಗ ಅಧ್ಯಾಪಕರು ಉಪದೇಶವೇನನ್ನೂ ಮಾಡಲಿಲ್ಲ. ಗ್ರಂಥಾಲಯಕ್ಕೆ ಹೋಗಿ 1961 ಮತ್ತು 1971ರ ಖಾನೇಷುಮಾರಿ ಸಂಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡು ಎಂದರು.

ಖಾನೇಷುಮಾರಿಯೆಂದರೆ ಜನಗಣತಿ. ಈ ಸಂಪುಟಗಳನ್ನು ಮನೆಗೆ ಕೊಡುವುದಿಲ್ಲ. ಪರಾಮರ್ಶನ ವಿಭಾಗದಲ್ಲಿಯೇ ಕುಳಿತು ಓದಬೇಕು. 1961ರಲ್ಲಿ ಭಾರತದಲ್ಲಿ ದುಡಿಯುವ ಹೆಂಗಸರು ಸುಮಾರು 5.9 ಕೋಟಿ, 1971ರಲ್ಲಿ ಸುಮಾರು 3.1 ಕೋಟಿ. ಜನಸಂಖ್ಯೆ ಬೆಳೆಯುತ್ತಿರುವಾಗ ಅವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಎಲ್ಲಿ ಮಾಯವಾದರು? ಉತ್ತರವಿರುವುದು ಕೋಷ್ಟಕದಲ್ಲಲ್ಲ, ‘ಕೆಲಸಗಾರ’ ಎಂಬ ಮಾತಿಗೆ ಕೊಟ್ಟ ವ್ಯಾಖ್ಯೆಯಲ್ಲಿ. 1961ರಲ್ಲಿ, ಬೇಸಾಯದಂಥ ಕೆಲಸದಲ್ಲಿ ಆ ಕಾಲದ ಬಹುಭಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಿ, ಕ್ರಮವಾಗಿ ದುಡಿದವರೆಲ್ಲರೂ ಕೆಲಸಗಾರರು. 1971ರಲ್ಲಾದರೋ ಮೊದಲು ಕೇಳಿದ್ದು ಮುಖ್ಯ ಕಸುಬು ಯಾವುದೆಂದು. ಮನೆವಾರ್ತೆಯೇ ಮುಖ್ಯವೆಂದು ಬರೆಸಿದ ಗೃಹಿಣಿ ಹೊಲದಲ್ಲಿ ದುಡಿದಿದ್ದರೂ ಕೆಲಸಗಾರರಲ್ಲದವರ ಲೆಕ್ಕಕ್ಕೆ ಸೇರಿದಳು. ಹೊಲದ ದುಡಿಮೆ ಉಪಕಸುಬಿನ ಅಂಕಣಕ್ಕೆ ಹೋಯಿತು. ನಾನು ಜಗಲಿಯ ಮೇಲೆ ಮಾಡಿದ ತಪ್ಪು ಒಂದು ದೇಶದ ಅಳತೆಯಲ್ಲಿ ಕಣ್ಣಮುಂದೆ ನಿಂತಿತು! 1981ರಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಂಚಿನ ಕೆಲಸಗಾರರು ಎಂದು ವಿಂಗಡಿಸಿದರು. 2011ರ ಗಣತಿಯಲ್ಲಿಯೂ ಈ ವಿಂಗಡಣೆಯುಂಟು.

ಕೋಷ್ಟಕಗಳು ಈಗ ಕಂಪ್ಯೂಟರಿನಲ್ಲಿಯೂ ಸಿಗುತ್ತವೆ, ನಿಜ. ಆದರೆ ಬೇಕಾದ ಒಂದೇ ಹಾಳೆಯನ್ನು ಇಳಿಸಿಕೊಳ್ಳುವ ನಮ್ಮ ಅವಸರದಲ್ಲಿ ವ್ಯಾಖ್ಯೆ ಅಲ್ಲಿಯೇ ಉಳಿದುಬಿಡುತ್ತದೆ. ಧೂಳು ಹಿಡಿದ ಸಂಪುಟದಲ್ಲಿ ಪುಟ ಮಗುಚುವಾಗಲಾದರೂ ಅದು ಕಣ್ಣಿಗೆ ಬೀಳುತ್ತದೆ.

ಹಳ್ಳಿಗೆ ಹೊರಡುವ ಮಿತ್ರರು ಜಿಲ್ಲಾ ಗಣತಿ ಕೈಪಿಡಿಯನ್ನೂ ಕೇಳಿ ಪಡೆಯಬೇಕು. 1951ರ ಗಣತಿಯಿಂದ ಹೊರಬರತೊಡಗಿದ ಇವುಗಳಲ್ಲಿ ಹಳ್ಳಿಹಳ್ಳಿಯ ಅಂಕಿಗಳಿವೆ. 1961ರ ಗಣತಿಯೊಡನೆ ಆಯ್ದ ಹಳ್ಳಿಗಳ ಪ್ರತ್ಯೇಕ ಸಮೀಕ್ಷೆಗಳೂ ಅಚ್ಚಾಗಿವೆ. ಪ್ರಶ್ನಾವಳಿ ರಚನೆಗೆ ಗುಡ್ ಮತ್ತು ಹ್ಯಾಟ್ ಅವರ 1952ರ ಗ್ರಂಥ ಹಳೆಯದಾದರೂ ಸ್ಪಷ್ಟವಾಗಿದೆ. ಕೇಳುವುದಕ್ಕಿಂತ ನೋಡುವುದನ್ನು ಕಲಿಯಬೇಕೆಂಬವರು, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲಸಿದ್ದ ಎಂ. ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ (1976) ಓದಬಹುದು.

ಎರಡನೆಯ ಸಲ ಅದೇ ಮನೆಗೆ ಹೋದಾಗ ಯಜಮಾನರನ್ನು ಬಿಟ್ಟು ಆ ತಾಯಿಯನ್ನೇ, "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಮ್ಮಾ?" ಎಂದು ಕೇಳಿದೆನು. ಕೊಟ್ಟಿಗೆ ಬಾಚುವುದರಿಂದ ಮೊದಲಾಗಿ ಕಳೆ ಕೀಳುವುದನ್ನು ಹೇಳುವ ಹೊತ್ತಿಗೆ ನಾನು ಬಿಟ್ಟಿದ್ದ ಎರಡು ಸಾಲಿನ ಜಾಗ ಸಾಲದೆ, ಉಳಿದುದನ್ನು ಕಾಗದದ ಹಿಂಬದಿಯಲ್ಲಿ ಬರೆದುಕೊಳ್ಳಬೇಕಾಯಿತು.