ದುರ್ಗದಿಂದ ಹಿರಿಯೂರಿನಷ್ಟು ದೂರ: ನನ್ನ ಮೊದಲ ಮ್ಯಾರಥಾನ್

ಚಿತ್ರದುರ್ಗದಿಂದ ಹಿರಿಯೂರಿಗೆ ಹೈವೇನಲ್ಲಿ ಸುಮಾರು 40 ಕಿಲೋಮೀಟರ್. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದಿರುತ್ತೆ. ಮ್ಯಾರಥಾನ್ ಅಂದ್ರೆ ಅಷ್ಟೂ ದೂರ ಓಡಬೇಕು, ಓಡಿದ ಮೇಲೂ ಇನ್ನೆರಡು ಕಿಲೋಮೀಟರ್ ಬಾಕಿ ಇರುತ್ತೆ. ಸರಿಯಾಗಿ ಹೇಳಬೇಕಂದ್ರೆ 42.195. ಈ ಲೆಕ್ಕ ಹೇಳಿದಾಗ ನಮ್ಮಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಬಸ್ಸಿಗೆ ದುಡ್ಡಿಲ್ವೇನೇ?"

ನಮ್ಮದು ಹೊಸದುರ್ಗ. ಕೆಲಸ ಅಂತ ನಾನು ದುರ್ಗದಲ್ಲಿದ್ದೀನಿ. ಅಪ್ಪನಿಗೆ 58ನೇ ವಯಸ್ಸಿನಲ್ಲಿ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ ಮೇಲೆ ಅಪ್ಪ, ಅಮ್ಮ ಇಬ್ಬರೂ ನನ್ನ ಜೊತೆಗೇ ಬಂದರು. ಡಾಕ್ಟರು ಅಪ್ಪನಿಗೆ ದಿನಾ ವಾಕಿಂಗ್ ಮಾಡೋಕೆ ಹೇಳಿದ್ದರು. ಬೆಳಗ್ಗೆ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಅವರನ್ನ ಕರ್ಕೊಂಡು ಹೋಗೋದು ನನ್ನ ಕೆಲಸ. ಅವರು ನಡೆಯೋರು. ಮೊಬೈಲ್ ನೋಡಿಕೊಂಡು ಕೂರೋಕೆ ಬೇಜಾರಾಗಿ ನಾನು ಓಡೋಕೆ ಶುರು ಮಾಡಿದೆ. ಆಗ ನನಗೆ 31. ಎರಡು ಸುತ್ತಿಗೇ ಏದುಸಿರು.

ಮೊದಲ ವರ್ಷ ಮಾಡಿದ ತಪ್ಪು

ಕೆಲವು ತಿಂಗಳಲ್ಲಿ 5 ಕಿಲೋಮೀಟರ್ ಓಡೋಷ್ಟಾದೆ. ಜುಲೈನಲ್ಲಿ ಒಂದು ದಿನ ಆಫೀಸಿನಲ್ಲಿ ಹಿರಿಯೂರಿನ ಹುಡುಗನೊಬ್ಬ, "ಮೇಡಂ, ಬೆಂಗಳೂರು ಮ್ಯಾರಥಾನ್‌ಗೆ ಹಾಕೋಣ್ವಾ?" ಅಂದ. ಟೀ ಕುಡಿಯುವಷ್ಟರಲ್ಲಿ ಫುಲ್ ಮ್ಯಾರಥಾನ್‌ಗೆ ದುಡ್ಡು ಕಟ್ಟಿದ್ದೂ ಆಯ್ತು. ಓಟ ಅಕ್ಟೋಬರ್‌ನಲ್ಲಿ. ಕೈಯಲ್ಲಿದ್ದದ್ದು ಮೂರು ತಿಂಗಳು, ಕಾಲಲ್ಲಿದ್ದದ್ದು 5 ಕಿಲೋಮೀಟರ್.

ಆರನೇ ವಾರಕ್ಕೆ ಮಂಡಿ ಕೆಳಗೆ, ಮುಂದಿನ ಎಲುಬಿನ ಮೇಲೆ ನೋವು ಬಂತು. ಸ್ಪ್ರೇ ಹೊಡ್ಕೊಂಡು ಓಡಿದೆ. ಎಂಟನೇ ವಾರ ಮೆಟ್ಟಿಲು ಇಳಿಯೋಕಾಗಲಿಲ್ಲ. ಡಾಕ್ಟರು ಆರು ವಾರ ಓಟ ಬಂದ್ ಅಂದರು. ಎಂಟ್ರಿ ಫೀಸ್ ಹೋಯ್ತು. ಅದಕ್ಕಿಂತ ಹೆಚ್ಚು ನೋವಾದದ್ದು ಅಮ್ಮನ ಮಾತಿಗೆ: "ನಿಮ್ಮಪ್ಪಂದು ನೋಡಿದ್ದು ಸಾಲ್ದಾ? ನಾಳೆ ನಿಂಗೂ ಏನಾದ್ರೂ ಆದ್ರೆ ನಾನು ಯಾರನ್ನ ಅಂತ ನೋಡ್ಕೊಳ್ಲಿ?"

ಅಮ್ಮ ಕೇಳಿದ್ದರಲ್ಲಿ ನ್ಯಾಯ ಇತ್ತು. ಹಾಗಾಗಿ ಕಾಲು ವಾಸಿಯಾದ ಮೇಲೆ ಮೊದಲು ಹೋಗಿದ್ದು ಶೂ ಅಂಗಡಿಗಲ್ಲ, ಡಾಕ್ಟರ ಹತ್ತಿರ. ಬಿ.ಪಿ., ಶುಗರ್, ಕೊಲೆಸ್ಟ್ರಾಲ್, ಇ.ಸಿ.ಜಿ. ಎಲ್ಲ ಮಾಡಿಸಿ ರಿಪೋರ್ಟನ್ನು ಅಮ್ಮನ ಕೈಗೇ ಕೊಟ್ಟೆ. ಮನೆಯಲ್ಲಿ ಹೃದಯದ ಕಾಯಿಲೆ ಇರೋರು, 40 ದಾಟಿದೋರು, ಓಡುವಾಗ ಎದೆನೋವು, ತಲೆಸುತ್ತು ಬಂದೋರು ಇದನ್ನ ಮಾಡಿಸದೆ ಮುಂದೆ ಹೋಗಬೇಡಿ.

ಯಾವ ಓಟ ಆರಿಸಬೇಕು?

ಎಲ್ಲರೂ ದೊಡ್ಡ ಹೆಸರು ನೋಡ್ತಾರೆ. ನೋಡಬೇಕಾದ್ದು ತಾರೀಖು. ಓಟದ ದಿನದಿಂದ 18 ರಿಂದ 20 ವಾರ ಹಿಂದಕ್ಕೆ ಎಣಿಸಿ. ಆ ತಿಂಗಳುಗಳಲ್ಲಿ ನಿಮ್ಮೂರಿನ ಹವಾಮಾನ ಹೇಗಿರುತ್ತೆ, ಆಫೀಸಿನಲ್ಲಿ ಕೆಲಸ ಎಷ್ಟಿರುತ್ತೆ, ಮನೆಯಲ್ಲಿ ಮದುವೆ-ಮುಂಜಿ ಇದೆಯಾ, ಇದೇ ಮುಖ್ಯ.

ಹೈದರಾಬಾದ್ ಮ್ಯಾರಥಾನ್ ಆಗಸ್ಟ್‌ನಲ್ಲಿ. ಅದಕ್ಕೆ ತಯಾರಿ ಏಪ್ರಿಲ್‌ನಲ್ಲೇ ಶುರುವಾಗಬೇಕು. ದುರ್ಗದ ಬಂಡೆಗಳು ಕಾದ ಹೆಂಚಿನಂತಿರುವ ಕಾಲ ಅದು. ಮುಂಬೈ ಮ್ಯಾರಥಾನ್ ಜನವರಿಯಲ್ಲಿ, ತಯಾರಿಗೆ ಒಳ್ಳೆ ಕಾಲವೇ. ಆದರೆ ಸಮುದ್ರದ ಪಕ್ಕದ ಸೆಖೆ ನಮ್ಮ ಒಣಹವೆಯವರಿಗೆ ಅಭ್ಯಾಸವಿಲ್ಲ, ಪ್ರಯಾಣ, ರೂಮಿನ ಖರ್ಚೂ ಜಾಸ್ತಿ. ಬೆಂಗಳೂರಿನದು ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ತಯಾರಿ ನಡೆಯೋದು ಮುಂಗಾರಿನಲ್ಲಿ. ನಮ್ಮಲ್ಲಿ ಮಳೆ ಕಡಿಮೆ, ಮೋಡ, ಗಾಳಿ ಧಾರಾಳ. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳನ್ನ ಸುಮ್ಮನೆ ನಿಲ್ಲಿಸಿಲ್ಲವಲ್ಲ! ಹಾಗಾಗಿ ನಾನು ಮತ್ತೆ ಬೆಂಗಳೂರನ್ನೇ ಆರಿಸಿದೆ.

ದುಡ್ಡು ಕಟ್ಟೋ ಮುಂಚೆ ಇನ್ನೆರಡು ನೋಡಿ. ಒಂದು, ಎಷ್ಟು ಗಂಟೆಯೊಳಗೆ ಮುಗಿಸಬೇಕು ಅನ್ನೋದು. ಇನ್ನೊಂದು, ಹಾಫ್ ಮ್ಯಾರಥಾನ್‌ಗೆ ಬದಲಾಯಿಸಿಕೊಳ್ಳೋಕೆ ಬಿಡ್ತಾರಾ ಅನ್ನೋದು. ಇದನ್ನ ಓದದೇ ದುಡ್ಡು ಕಳ್ಕೊಂಡವಳು ನಾನು.

ಈ ಸಲದ ತಯಾರಿ

ಜನವರಿಯಿಂದ ಮೇ ತನಕ ಬರೀ ಅಡಿಪಾಯ. ವಾರಕ್ಕೆ ನಾಲ್ಕು ದಿನ ಓಡಿ, ಒಟ್ಟು 25-30 ಕಿಲೋಮೀಟರ್‌ಗೆ ನಿಧಾನವಾಗಿ ಬಂದೆ. ನಡುವೆ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ನಡೆಯುವ 10ಕೆ ಓಡಿ ಬಂದೆ. ಸಾವಿರಾರು ಜನರ ಮಧ್ಯೆ ಹೇಗೆ ನಿಲ್ಲೋದು, ಶೌಚಾಲಯದ ಕ್ಯೂಗೆ ಎಷ್ಟು ಹೊತ್ತು ಬೇಕು, ಇದೆಲ್ಲ ಅಲ್ಲೇ ಕಲಿತೆ.

ಜೂನ್‌ನಿಂದ ನಿಜವಾದ ತಯಾರಿ. ವಾರದ ಮಧ್ಯೆ ಮೂರು ಸಣ್ಣ ಓಟ, ಭಾನುವಾರ ಒಂದು ಉದ್ದದ ಓಟ. ಮೂರು ವಾರ ದೂರ ಹೆಚ್ಚಿಸೋದು, ನಾಲ್ಕನೇ ವಾರ ಇಳಿಸೋದು. ವಾರದಲ್ಲಿ ಎರಡು ದಿನ ಮನೆಯಲ್ಲೇ ಬಸ್ಕಿ, ಹಿಮ್ಮಡಿ ಎತ್ತೋ ವ್ಯಾಯಾಮ. ಕಾಲಿನ ನೋವು ಮರುಕಳಿಸದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ವೇಗದ ಬಗ್ಗೆ ಒಂದೇ ನಿಯಮ: ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕಾಗಬೇಕು. ಏದುಸಿರು ಬಂದ್ರೆ ಜೋರಾಯ್ತು ಅಂತ ಲೆಕ್ಕ. ಮೊದಲ ವರ್ಷ ನಾನು ದಿನಾ ಜೋರಾಗೇ ಓಡ್ತಿದ್ದೆ.

ಹೆಣ್ಮಕ್ಕಳಿಗೆ ಇನ್ನೊಂದು ಸಮಸ್ಯೆ ಇದೆ. ಕತ್ತಲಲ್ಲಿ ಒಬ್ಬಳೇ ರಸ್ತೆಗಿಳಿದರೆ ನಾಯಿಗಳು, ಜೊತೆಗೆ ಬೈಕ್ ನಿಧಾನ ಮಾಡಿ ನೋಡೋರು. ವಾರದ ದಿನ ಕ್ರೀಡಾಂಗಣ ಬಿಡಲಿಲ್ಲ. ಉದ್ದದ ಓಟಕ್ಕೆ ಹೊಸದುರ್ಗಕ್ಕೆ ಹೋಗಿ ತೆಂಗಿನ ತೋಟಗಳ ನಡುವಿನ ಹಳ್ಳಿ ರಸ್ತೆಯಲ್ಲಿ ಓಡ್ತಿದ್ದೆ. ತಮ್ಮ ಬೈಕಿನಲ್ಲಿ ನೀರು ಹಿಡ್ಕೊಂಡು ಹಿಂದೆ ಬರೋನು. ಹೈವೇನಲ್ಲಿ ಮಾತ್ರ ಯಾರೂ ಓಡಬೇಡಿ.

ಓಟಕ್ಕೆ ಮೂರು ವಾರ ಇದ್ದಾಗ 30 ಕಿಲೋಮೀಟರ್ ಮುಗಿಸಿದೆ. ಹೆಚ್ಚುಕಡಿಮೆ ದುರ್ಗದಿಂದ ಹೊಳಲ್ಕೆರೆ. ತಯಾರಿಯಲ್ಲಿ 42 ಓಡೋ ಅಗತ್ಯವಿಲ್ಲ. ಆಮೇಲಿನ ವಾರಗಳಲ್ಲಿ ದೂರ ಇಳಿಸಬೇಕು, ದೇಹ ರಿಪೇರಿಯಾಗೋದು ಆಗಲೇ.

ಹೊಟ್ಟೆಪಾಡು

ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಬಹಳ ಜನಕ್ಕೆ 30 ಕಿಲೋಮೀಟರ್ ಆಸುಪಾಸಿನಲ್ಲಿ ತಳ ಕಾಣುತ್ತೆ. ಅದಕ್ಕೇ ಓಡ್ತಾ ಗಂಟೆಗೆ 30 ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಗೋಬೇಕು. ಜೆಲ್, ಖರ್ಜೂರ, ಬಾಳೆಹಣ್ಣು ಯಾವುದಾದರೂ ಸರಿ, ಆದರೆ ತಯಾರಿಯಲ್ಲೇ ಹೊಟ್ಟೆಗೆ ಅಭ್ಯಾಸ ಮಾಡಿಸಿ. ನನಗೆ ಜೆಲ್ ಒಗ್ಗಲಿಲ್ಲ, ಖರ್ಜೂರ ಒಗ್ಗಿತು. ಗಂಟೆಗಟ್ಟಲೆ ಬರೀ ನೀರು ಕುಡಿದ್ರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತೆ, ಅದು ಅಪಾಯ. ಓ.ಆರ್.ಎಸ್. ಅಥವಾ ಉಪ್ಪು ಹಾಕಿದ ನಿಂಬೆ ಶರಬತ್ತು ಇರಲಿ. ಹಿಂದಿನ ರಾತ್ರಿ ಅನ್ನ, ತಿಳಿಸಾರು ಸಾಕು. ಮಿರ್ಚಿ-ಮಂಡಕ್ಕಿ ಆಸೆಯನ್ನ ಓಟದ ಮಾರನೇ ದಿನಕ್ಕೆ ಇಟ್ಕೊಳ್ಳಿ. ಹೊಸ ಶೂ, ಹೊಸ ಬಟ್ಟೆ, ಹೊಸ ತಿಂಡಿ ಆ ದಿನ ಯಾವುದೂ ಬೇಡ.

ಆ ದಿನ

ಬೆಳಕು ಹರಿಯೋ ಮೊದಲೇ ಓಟ ಶುರು. ಮೊದಲ 10 ಕಿಲೋಮೀಟರ್ ಎಲ್ಲರೂ ನನ್ನನ್ನ ದಾಟಿ ಹೋಗ್ತಿದ್ದರು, ಬಿಟ್ಟೆ. 25ರ ತನಕ ಹಾಯಾಗಿತ್ತು. 33ರಲ್ಲಿ ತೊಡೆ ಕಲ್ಲಾಯ್ತು. ಅಲ್ಲಿಂದ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ನಡೆಯೋಕೆ ನಾಚಿಕೆ ಪಡಬೇಡಿ, ಅದಕ್ಕೂ ತಯಾರಿಯಲ್ಲೇ ಅಭ್ಯಾಸ ಮಾಡಿ. 5 ಗಂಟೆ 38 ನಿಮಿಷಕ್ಕೆ ಮುಗಿಸಿದೆ. ಗೇಟಿನ ಹೊರಗೆ ಅಪ್ಪ ನಿಂತಿದ್ದರು. ಮೆಡಲ್ ನೋಡೋ ಮೊದಲು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು.

ಅವತ್ತು ರಾತ್ರಿ ದುರ್ಗದಲ್ಲಿ ಮೆಟ್ಟಿಲನ್ನ ಗೋಡೆ ಹಿಡ್ಕೊಂಡು, ಅಡ್ಡಡ್ಡವಾಗಿ ಹತ್ತಿದೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಹಿರಿಯೂರು ಮುಟ್ಟಿದ್ಯೇನೇ?"

"ಮುಟ್ದೆ ಕಣಮ್ಮಾ. ಇನ್ನೆರಡು ಕಿಲೋಮೀಟರ್ ಮುಂದಕ್ಕೂ ಹೋಗಿದ್ದೆ."

"ಸರಿ, ಕೈಕಾಲು ತೊಳ್ಕೋ. ಮುದ್ದೆ ಬಿಸಿ ಇದೆ."